ಕ್ಲಚ್ ಯಾರ ಕಾಲಲ್ಲಿತ್ತು? ಮೂರು ಗಾಡಿ, ಮೂವರು ಗುರುಗಳು

ಗೇಟು ದಾಟುವಷ್ಟರಲ್ಲಿ ಗಾಡಿ 7 ಸಲ ಆಫ್ ಆಯಿತು. ಹಿಂದಿನ ದಿನವಷ್ಟೇ ನಾನು ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮೈಸೂರಿನ ಹಾರ್ಡಿಂಜ್ ಸರ್ಕಲ್ ಸುತ್ತಿ ಬಂದಿದ್ದೆ, ಒಂದು ಸಲವೂ ಆಫ್ ಆಗದೆ. 21 ದಿನದ ಕ್ಲಾಸ್ ಮುಗಿಸಿದ ಜಂಬ ಬೇರೆ. ಈಗ ನಮ್ಮದೇ ಹಳೇ ಆಲ್ಟೊ 800, ನಮ್ಮದೇ ಬೀದಿ, ಪಕ್ಕದಲ್ಲಿ ನಮ್ಮ ಯಜಮಾನರು. 7ನೇ ಸಲಕ್ಕೆ ಅವರು ಸುಮ್ನೆ ಕಿಟಕಿಯಾಚೆ ನೋಡತೊಡಗಿದರು.

ಎದುರು ಮನೆಯ ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಡ್ರೈವರ್ ಅಂಕಲ್ ಅಲ್ಲಿಂದಲೇ ಕೂಗಿ ಕೇಳಿದರು. “ಸ್ಕೂಲ್ ಗಾಡೀಲಿ ಕ್ಲಚ್ ಯಾರ ಕಾಲಲ್ಲಿತ್ತು ಕಣಮ್ಮ?”

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಮುಂದಿನ ಮೂರು ತಿಂಗಳು ಹೋಯಿತು. ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, 6 ತಿಂಗಳು ನಡೆಯುತ್ತೆ, ಅದು ಕೈಗೆ ಬಂದು 30 ದಿನ ಆದಮೇಲೆ ಯಾವಾಗ ಬೇಕಾದರೂ ಟೆಸ್ಟ್ ಕೊಡಬಹುದು. ನನಗೆ 41 ವರ್ಷ, ಅವಸರವೇನೂ ಇರಲಿಲ್ಲ. ಹಾಗಾಗಿ ಸ್ಕೂಲಿನ ಕಾರು, ಭಾವನ ಡೀಸೆಲ್ ಸ್ವಿಫ್ಟ್, ನಮ್ಮ ಪೆಟ್ರೋಲ್ ಆಲ್ಟೊ, ಮೂರರಲ್ಲೂ ಕಲಿತು ನೋಡಿದ್ದಾಯಿತು. “ಆಟೋಮ್ಯಾಟಿಕ್ ತಗೊಂಡ್ರೆ ಮುಗೀತಲ್ವಾ ಅಮ್ಮ?” ಅಂತ ಮಗಳು ಕೇಳಿದಳು. ನಮ್ಮಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊದಲ್ಲಿ ಎಎಂಟಿ, ಅಂದರೆ ಕ್ಲಚ್ಚು ಗೇರು ಎರಡನ್ನೂ ಗಾಡಿಯೇ ನೋಡಿಕೊಳ್ಳುವ ಏರ್ಪಾಡು, ಬಂದಮೇಲೆ ಕಡಿಮೆ ಬೆಲೆಗೂ ಅದು ಸಿಗುತ್ತದೆ, ನಿಜ. ಆದರೆ ಮನೆಯಲ್ಲಿ ನಿಂತಿರುವುದು ಆಲ್ಟೊ. ಅದನ್ನು ಓಡಿಸದೆ ಇನ್ನೊಂದು ಕೊಳ್ಳೋದಕ್ಕೆ ಮನಸ್ಸಾಗಲಿಲ್ಲ.

ಮೊದಲು ಸ್ಕೂಲಿನ ಮಾತು. ಹೆಸರು ಬೇಡ. ಕಾರಿನ ಎಡಗಡೆ, ಮೇಷ್ಟ್ರು ಕೂರುವ ಕಡೆಯೂ ಕ್ಲಚ್ಚು, ಬ್ರೇಕು ಇರುತ್ತವೆ. ಡ್ಯುಯಲ್ ಕಂಟ್ರೋಲ್ ಇರಲೇಬೇಕು ಅಂತ ನಿಯಮವೇ ಇದೆ, ಇರಬೇಕಾದ್ದೇ. ಕನಿಷ್ಠ 21 ದಿನ, ಒಟ್ಟು 10 ಗಂಟೆ ಓಡಿಸಬೇಕು ಅಂತಲೂ ಇದೆ. ನಮ್ಮ ಬ್ಯಾಚಿನಲ್ಲಿ ಒಂದು ಗಂಟೆಗೆ ಮೂವರು. ನನ್ನ ಕೈಗೆ ಸ್ಟೇರಿಂಗ್ ಸಿಗುತ್ತಿದ್ದದ್ದು ದಿನಕ್ಕೆ 20 ನಿಮಿಷ. ನೀವೇ ಲೆಕ್ಕ ಹಾಕಿ, 7 ಗಂಟೆ ಆಗುತ್ತದೆ. ಉಳಿದ ಹೊತ್ತು ಹಿಂದಿನ ಸೀಟಿನಲ್ಲಿ ಕೂತು ಬೇರೆಯವರ ತಪ್ಪು ಎಣಿಸೋದು.

ಮೇಷ್ಟ್ರು ಒಳ್ಳೆಯವರೇ. ಬಲದಿಂದ ಎಡಕ್ಕೆ ಎ, ಬಿ, ಸಿ ಅಂತ ಪೆಡಲ್ ಹೇಳಿಕೊಟ್ಟರು, ಆಕ್ಸಿಲರೇಟರ್ (ನಮ್ಮ ಮಾತಲ್ಲಿ ರೇಸ್), ಬ್ರೇಕ್, ಕ್ಲಚ್. ಮೂರನೇ ದಿನಕ್ಕೇ ಟ್ರಾಫಿಕ್ಕಿಗೆ ಇಳಿಸಿದರು. ಮೈಸೂರು ಸರ್ಕಲ್‌ಗಳ ಊರು. ಒಳಗೆ ಸುತ್ತುತ್ತಿರುವವರಿಗೆ ದಾರಿ ಬಿಟ್ಟು ಆಮೇಲೆ ನುಗ್ಗಬೇಕು, ಕನ್ನಡಿ ನೋಡಬೇಕು, ಆಟೋದವರ ಕೈ ಸನ್ನೆ ನಂಬಬಾರದು. ಇದೆಲ್ಲ ಬಂದದ್ದು ಇವರಿಂದಲೇ. ಬಸ್ಸು ಹಿಂದೆ ನಿಂತು ಹಾರ್ನ್ ಹೊಡೆದರೆ ಎದೆ ಹೊಡೆದುಕೊಳ್ಳುತ್ತಿದ್ದದ್ದು ನಿಂತಿತು. ಆದರೆ ಸಿಗ್ನಲ್ ಬಿಟ್ಟ ತಕ್ಷಣ ಗಾಡಿ ಅಷ್ಟು ಮೆತ್ತಗೆ ಹೊರಡುತ್ತಿತ್ತಲ್ಲ, ಅದು ನನ್ನ ಕಾಲಲ್ಲ. ಮೇಷ್ಟ್ರ ಕಾಲು. ನನ್ನ ಪೆಡಲ್ ತನ್ನಷ್ಟಕ್ಕೆ ಕೆಳಗಿಳಿಯುತ್ತಿತ್ತು, ಮೇಲೆ ಬರುತ್ತಿತ್ತು, ನಾನು ಗಮನಿಸಿರಲೇ ಇಲ್ಲ. ದಿನವಿಡೀ ಒಂದೇ ಗಾಡಿಯಲ್ಲಿ ಹೊಸಬರನ್ನು ಕೂರಿಸಿಕೊಳ್ಳುವವರು ಕ್ಲಚ್ ಪ್ಲೇಟ್ ಉಳಿಸಿಕೊಳ್ಳಬೇಡವಾ? ಅವರ ಕಷ್ಟ ಅವರಿಗೆ.

ಆಮೇಲೆ ಭಾವ. ಅಕ್ಕನ ಊರು ಕೆ.ಆರ್. ನಗರದ ಹತ್ತಿರ. ಭಾವನ ಸ್ವಿಫ್ಟ್ 1.3 ಲೀಟರಿನ ಡೀಸೆಲ್, ಮಾರುತಿಯವರು 2020ರಲ್ಲಿ ನಿಲ್ಲಿಸಿದರಲ್ಲ, ಆ ಎಂಜಿನ್. ಎರಡು ದಿನದಲ್ಲಿ ನಾನು ನಾಲೆ ಏರಿ ಮೇಲೆ ಮೂರನೇ ಗೇರಿನಲ್ಲಿ ಹೋಗುತ್ತಿದ್ದೆ. ಒಂದು ಸಲವೂ ಆಫ್ ಇಲ್ಲ. “ನೋಡಮ್ಮ, ಎಷ್ಟು ಚೆನ್ನಾಗಿ ಓಡಿಸ್ತೀಯ” ಅಂತ ಭಾವ ಬೀಗಿದರು. ನಾನೂ ಬೀಗಿದೆ.

ಆದರೆ ಓಡಿಸುತ್ತಿದ್ದದ್ದು ಎಂಜಿನ್ನು. ಆ ಡೀಸೆಲ್‌ಗೆ 2000 ಆರ್‌ಪಿಎಂನಲ್ಲೇ (ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗಲೇ) 190 ನ್ಯೂಟನ್ ಮೀಟರ್ ತಿರುಗಿಸುವ ಬಲ. ನಮ್ಮ 796 ಸಿಸಿ ಆಲ್ಟೊಗೆ 69, ಅದೂ 3500ಕ್ಕೆ ಏರಿದಮೇಲೆ. ಹಾಗಾಗಿ ಸ್ವಿಫ್ಟಿನಲ್ಲಿ ಕ್ಲಚ್ಚನ್ನು ಸ್ವಲ್ಪ ಒರಟಾಗಿ ಬಿಟ್ಟರೂ ಎಂಜಿನ್ ಗೊಣಗಿಕೊಂಡು ಎಳೆದುಬಿಡುತ್ತದೆ. ಆಲ್ಟೊ ಕೈ ಎತ್ತಿಬಿಡುತ್ತದೆ. ಭಯ ಹೋಗಲಿಕ್ಕೆ ಡೀಸೆಲ್ ಚೆನ್ನ, ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದಾಗ ಪಕ್ಕಕ್ಕೆ ತೆಗೆಯೋದು, ಎಮ್ಮೆ ಅಡ್ಡ ಬಂದಾಗ ಕಾಯೋದು ಇದರಲ್ಲೇ ಅಭ್ಯಾಸ ಆಯಿತು. ಕ್ಲಚ್ ಕಲಿಯಲಿಕ್ಕೆ ಮಾತ್ರ ಅಲ್ಲ. ಇನ್ನೊಂದು, ಭಾವನಿಗೆ ತಮ್ಮ ಗಾಡಿ ಮೇಲೆ ಪ್ರಾಣ. ಗೇರ್ ಕರ್ ಅಂದರೆ ಅವರ ಮುಖ ನೋಡಲಾಗುತ್ತಿರಲಿಲ್ಲ. ನೆಂಟರ ಕಾರಿನಲ್ಲಿ ಕಲಿಯುವಾಗ ಅರ್ಧ ಗಮನ ಅವರ ಮುಖದ ಮೇಲೇ ಇರುತ್ತದೆ. ನಾಲೆ ಏರಿ ಆರಿಸಿದ್ದೂ ಸರಿಯಿಲ್ಲ. ರಸ್ತೆ ಖಾಲಿ ಇರುತ್ತದೆ, ನಿಜ. ಪಕ್ಕದಲ್ಲಿ ತುಂಬಿದ ನೀರೂ ಇರುತ್ತದೆ.

ಮೂರನೆಯದು ಡ್ರೈವರ್ ಅಂಕಲ್. ಕೆಎಸ್‌ಆರ್‌ಟಿಸಿಯಲ್ಲಿ ಬಸ್ ಓಡಿಸಿ ನಿವೃತ್ತರಾದವರು. ಬೆಳಿಗ್ಗೆ 6ಕ್ಕೆ ಲಲಿತ ಮಹಲ್ ಹತ್ತಿರದ ಹೆಲಿಪ್ಯಾಡ್ ಮೈದಾನಕ್ಕೆ ಕರೆದುಕೊಂಡು ಹೋದರು. ಮೊದಲ ಮಾತು, “ಚಪ್ಪಲಿ ಬಿಡಿ.” ಹವಾಯಿ ಚಪ್ಪಲಿ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಬ್ರೇಕ್ ಒತ್ತಲಿಕ್ಕೇ ಆಗಲ್ಲ ಅಂದರು. ಎರಡನೇ ಮಾತು, “ಇವತ್ತು ರೇಸ್ ಮುಟ್ಟಂಗಿಲ್ಲ.”

ಆ ದಿನ ಪೂರ್ತಿ ಎಡಗಾಲಿನ ಕೆಲಸ ಒಂದೇ. ಫಸ್ಟ್ ಗೇರ್ ಹಾಕಿ, ಹಿಮ್ಮಡಿ ನೆಲಕ್ಕೆ ಊರಿ, ಕ್ಲಚ್ಚನ್ನು ಕೂದಲೆಳೆಯಷ್ಟು ಬಿಡುತ್ತಾ ಬರೋದು. ಒಂದು ಕಡೆ ಎಂಜಿನ್ ಸದ್ದು ಭಾರ ಆಗುತ್ತದೆ, ಬಾನೆಟ್ಟು ಚೂರು ಅಲುಗುತ್ತದೆ. ಅದೇ ಹಾಫ್ ಕ್ಲಚ್. ಅಲ್ಲಿ ಕಾಲು ನಿಲ್ಲಿಸಿದರೆ ರೇಸ್ ಕೊಡದೆಯೂ ಗಾಡಿ ಇರುವೆ ಹಾಗೆ ತೆವಳುತ್ತದೆ. ಮತ್ತೆ ಒತ್ತಿ ನಿಲ್ಲಿಸೋದು. ಮತ್ತೆ ಬಿಡೋದು. 50 ಸಲ ಆಗಿರಬೇಕು, ತೊಡೆ ನಡುಗುತ್ತಿತ್ತು. ಮೊದಲ ಹತ್ತರಲ್ಲಿ ಏಳೆಂಟು ಸಲ ಆಫ್. ಅಂಕಲ್ ಕೈ ಕಟ್ಟಿಕೊಂಡು ಕೂತಿದ್ದರು. “ಆಫ್ ಆದ್ರೆ ಆಗ್ಲಿ ಕಣಮ್ಮ, ಅದೇನ್ ಸಾಯಲ್ಲ.”

ಒಳಗೆ ಏನು ನಡೆಯುತ್ತದೆ ಅಂತಲೂ ಅವರೇ ಹೇಳಿದರು, ಎರಡು ಅಂಗೈ ತೋರಿಸಿ. ಒಂದು ಅಂಗೈ ಎಂಜಿನ್ ಜೊತೆ ತಿರುಗುವ ಫ್ಲೈವೀಲ್, ಇನ್ನೊಂದು ಗೇರ್‌ಬಾಕ್ಸಿಗೆ ಹೋಗುವ ಕ್ಲಚ್ ಪ್ಲೇಟ್. ಪೆಡಲ್ ಒತ್ತಿದರೆ ಕೈ ಬೇರೆ, ಪೂರ್ತಿ ಬಿಟ್ಟರೆ ಕೈ ಜೋಡಿ. ನಡುವೆ ಉಜ್ಜಾಟ. ಉಜ್ಜಿದಷ್ಟೂ ಸವೆಯುತ್ತದೆ, ಅದಕ್ಕೇ ಓಡಿಸುವಾಗ ಸುಮ್ನೆ ಕ್ಲಚ್ ಮೇಲೆ ಕಾಲಿಟ್ಟುಕೊಂಡು ಇರಬಾರದು. ಹಳೇ ಬಸ್ಸುಗಳಲ್ಲಿ ಒಂದು ಗೇರಿಗೆ ಎರಡೆರಡು ಸಲ ಕ್ಲಚ್ ಒತ್ತಬೇಕಿತ್ತಂತೆ, ಡಬಲ್ ಕ್ಲಚ್. ಗೇರ್ ಇಳಿಸುವಾಗ ನಡುವೆ ನ್ಯೂಟ್ರಲ್‌ನಲ್ಲಿ ಒಂದು ಗುಟುಕು ರೇಸು. ಇಲ್ಲದಿದ್ದರೆ ಗೇರ್ ಹಲ್ಲು ಕಡಿಯುತ್ತಿತ್ತು. ಅದನ್ನು ಕೇಳಿದಮೇಲೆ ಆಲ್ಟೊ ಬಗ್ಗೆ ನಾನು ದೂರಲಿಲ್ಲ.

ಮೂವರ ವ್ಯತ್ಯಾಸ ಚೆನ್ನಾಗಿ ಕಂಡದ್ದು ಏರಿನಲ್ಲಿ. ಏರಿನಲ್ಲಿ ನಿಂತ ಗಾಡಿ ಹಿಂದಕ್ಕೆ ಜಾರದೆ ಹೊರಡಬೇಕು. ಸ್ಕೂಲಿನಲ್ಲಿ ಹೇಳಿದ್ದು ಹಾಫ್ ಕ್ಲಚ್ಚಿನಲ್ಲೇ ಹಿಡಿದು ನಿಲ್ಲಿಸಿ, ಬ್ರೇಕ್ ಮುಟ್ಟಬೇಡಿ ಅಂತ. ನೋಡಲಿಕ್ಕೆ ಚಂದ. ಆಲ್ಟೊದಲ್ಲಿ ಹಾಗೆ ಮಾಡಿದಾಗ ಅರ್ಧ ನಿಮಿಷದಲ್ಲಿ ಸುಟ್ಟ ವಾಸನೆ ಬಂತು. ಭಾವ ಹೇಳಿದ್ದು, ಬ್ರೇಕಿನಿಂದ ಕಾಲು ತೆಗೆದು ಪಟ್ ಅಂತ ರೇಸ್ ಕೊಡು ಅಂತ. ಅವರ ಡೀಸೆಲ್‌ನಲ್ಲಿ ಹಾಫ್ ಕ್ಲಚ್ಚೇ ಆ ಗಳಿಗೆ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ನನ್ನದರಲ್ಲಿ ಒಂದು ಮೊಳ ಹಿಂದಕ್ಕೆ ಹೋಗಿ ಆಫ್.

ಅಂಕಲ್ ಚಾಮುಂಡಿ ಬೆಟ್ಟದ ರಸ್ತೆಗೇ ಕರೆದುಕೊಂಡು ಹೋದರು, ವಾಹನ ಕಡಿಮೆ ಇರುವ ಹೊತ್ತಿಗೆ. ನಂದಿ ಕಡೆ ತಿರುಗುವ ಮುಂಚೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆಸಿದರು. ಫಸ್ಟ್ ಗೇರ್. ಕ್ಲಚ್ ಬಿಡುತ್ತಾ ಸದ್ದು ಭಾರ ಆಗುವವರೆಗೆ ಬಾ. ಚೂರು ರೇಸ್. ಮುಂಭಾಗ ಎದ್ದ ಹಾಗೆ ಅನ್ನಿಸಿದಮೇಲೆ ಹ್ಯಾಂಡ್ ಬ್ರೇಕ್ ಇಳಿಸು. ಗಾಡಿ ಒಂದಿಂಚೂ ಹಿಂದೆ ಹೋಗಲಿಲ್ಲ. ಬಸ್ ಓಡಿಸಿದವರು ಹ್ಯಾಂಡ್ ಬ್ರೇಕ್ ಅನ್ನೋದಕ್ಕೆ ನಾಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ. “ಹಿಂದೆ 50 ಜನ ಕೂತಿರ್ತಾರೆ, ಅಲ್ಲಿ ಯಾರಿಗ್ ತೋರಿಸ್ಬೇಕು ಶೋಕಿ?” ಅಂದರು.

ಅಂಕಲ್‌ದೂ ಎಲ್ಲಾ ಸರಿ ಅಲ್ಲ. ಗಾಡಿಯನ್ನು ಬಸ್ಸಿನ ಹಾಗೆ ಅಗಲವಾಗಿ ತಿರುಗಿಸು ಅನ್ನುತ್ತಾರೆ, ಒಂಟಿಕೊಪ್ಪಲಿನ ಅಡ್ಡರಸ್ತೆಯಲ್ಲಿ ಅದು ನಡೆಯಲ್ಲ. ಇಂಡಿಕೇಟರ್‌ಗಿಂತ ಕೈ ಹೊರಗೆ ಹಾಕೋದೇ ಅವರಿಗೆ ಹೆಚ್ಚು ನಂಬಿಕೆ. ಅವರ ಪಕ್ಕದಲ್ಲಿ ಬ್ರೇಕ್ ಪೆಡಲ್ ಇಲ್ಲ ಅನ್ನೋದನ್ನೂ ಮರೆಯಬಾರದು. ಮೊದಲ ದಿನವೇ ಸ್ಕೂಲು ಬಿಟ್ಟು ಇವರ ಜೊತೆ ರಸ್ತೆಗೆ ಇಳಿದಿದ್ದರೆ ನಾನು ಯಾರಿಗಾದರೂ ಗುದ್ದುತ್ತಿದ್ದೆ.

ಖರ್ಚು ಹೇಳುವುದಾದರೆ ಸ್ಕೂಲಿಗೆ 6,500 ಕೊಟ್ಟೆ. ಭಾವನಿಗೆ ಒಂದು ಟ್ಯಾಂಕ್ ಡೀಸೆಲ್. ಅಂಕಲ್ ದುಡ್ಡು ಮುಟ್ಟಲಿಲ್ಲ, ದಿನಾ ವಾಪಸ್ ಬರುವಾಗ ಇಡ್ಲಿ, ಎರಡು ಕಾಫಿ.

ಮತ್ತೆ ಶುರು ಮಾಡುವುದಾದರೆ ನಾನು ಸ್ಕೂಲಿಗೇ ಮೊದಲು ಹೋಗುತ್ತೇನೆ. ಆದರೆ ಎರಡನೇ ವಾರದಿಂದ ಮೇಷ್ಟ್ರಿಗೆ, “ಸರ್, ನಿಮ್ಮ ಕಾಲು ಮೇಲೆ ಇಟ್ಕೊಳ್ಳಿ, ಆಫ್ ಆದ್ರೂ ಪರವಾಗಿಲ್ಲ” ಅಂತ ಬಾಯಿ ಬಿಟ್ಟು ಹೇಳುತ್ತೇನೆ. ಮಿಕ್ಕ ದಿನ ಬೆಳಿಗ್ಗೆ ಮೈದಾನದಲ್ಲಿ, ಮುಂದೆ ಓಡಿಸಬೇಕಾದ ಗಾಡಿಯಲ್ಲೇ. ಮನೆಯಲ್ಲಿರುವುದು ಚಿಕ್ಕ ಪೆಟ್ರೋಲ್ ಕಾರಾದರೆ ಡೀಸೆಲ್‌ನಲ್ಲಿ ಕಲಿತು ಖುಷಿಪಡಬೇಡಿ. ಪೆಟ್ರೋಲ್‌ನಲ್ಲಿ ಕಲಿತವರಿಗೆ ಡೀಸೆಲ್ ಒಂದು ದಿನದ ಕೆಲಸ.

ಟೆಸ್ಟ್ ಆಲ್ಟೊದಲ್ಲೇ ಕೊಟ್ಟೆ, ಪಾಸಾಯಿತು. ಮೂವರೂ ಕಲಿಸದೆ ಬಿಟ್ಟದ್ದು ಒಂದು ಉಳಿದಿದೆ. ದೇವರಾಜ ಅರಸು ರಸ್ತೆಯಲ್ಲಿ ಎರಡು ಕಾರುಗಳ ನಡುವೆ ರಿವರ್ಸ್‌ನಲ್ಲಿ ತೂರಿಸೋದು. ಅದಕ್ಕೆ ಈಗಲೂ ಯಜಮಾನರನ್ನು ಕೆಳಗಿಳಿಸಿ “ಬರ್ಲಿ, ಬರ್ಲಿ” ಅನ್ನಿಸುತ್ತೇನೆ.