ರೇಸ್ ಸೈಕಲ್ಲೋ, ಹೈಬ್ರಿಡ್ಡೋ: ಭಾನುವಾರದ 50 ಕಿಲೋಮೀಟರಿಗೆ ಯಾವುದು?

ಒಂದು, ಬಾಗಿದ ಹ್ಯಾಂಡಲ್, 25 ಮಿ.ಮೀ. ಟೈರಿನ ರೇಸ್ ಸೈಕಲ್. ಇನ್ನೊಂದು, ನೇರ ಹ್ಯಾಂಡಲ್, 38 ಮಿ.ಮೀ. ಟೈರಿನ ಹೈಬ್ರಿಡ್. ಬೆಂಗಳೂರಿನಿಂದ ನಂದಿ ಬೆಟ್ಟದ ಕಡೆಗೆ ಎರಡನ್ನೂ ಓಡಿಸಿ ನೋಡಿದರೆ ಹೆದ್ದಾರಿಯಲ್ಲಿ ರೇಸ್ ಸೈಕಲ್ಲೇ ಮುಂದೆ. ಹಳ್ಳಿ ರಸ್ತೆಗೆ ತಿರುಗಿದ ಮೇಲೆ ಲೆಕ್ಕ ಬದಲಾಗುತ್ತದೆ.

ರೇಸ್ ಸೈಕಲ್ಲಿನ ಬಲ ಇರುವುದು ಬಗ್ಗಿ ಕೂರುವುದರಲ್ಲಿ. ವೇಗ ಗಂಟೆಗೆ 20ರಿಂದ 30 ಕಿ.ಮೀ.ಗೆ ಏರಿದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಮೂರು ಪಟ್ಟು ದಾಟುತ್ತದೆ. 30ರಲ್ಲಿ ಓಡುವವರಿಗೆ ಬಗ್ಗಿ ಗಾಳಿ ತಪ್ಪಿಸುವುದು ದೊಡ್ಡ ಲಾಭ. 18–20ರಲ್ಲಿ ಹೋಗುವವರಿಗೆ ಬಗ್ಗಿದ ಬೆನ್ನಿನ ನೋವೇ ಹೆಚ್ಚು, ಲಾಭ ಅಲ್ಪ. 200 ಕಿ.ಮೀ. ಬ್ರೆವೆ (ಗಡುವಿನೊಳಗೆ ಮುಗಿಸಬೇಕಾದ, ಸ್ಪರ್ಧೆಯಲ್ಲದ ದೂರದ ಸವಾರಿ) ಮುಗಿಸಲು ಸಿಗುವ ಸಮಯವೇ 13 ಗಂಟೆ 30 ನಿಮಿಷ. ಅಂದರೆ ನಿಂತ ಹೊತ್ತೂ ಸೇರಿ ಗಂಟೆಗೆ 15 ಕಿ.ಮೀ. ಸಾಕು. ಹೈಬ್ರಿಡ್ಡಿನಲ್ಲೇ ಮುಗಿಸಬಹುದು.

ನಿಜವಾದ ವ್ಯತ್ಯಾಸ ಟೈರಿನದು. 70 ಕೆ.ಜಿ. ತೂಕದವರು 25 ಮಿ.ಮೀ. ಟೈರಿಗೆ ಹಿಂದಿನ ಚಕ್ರದಲ್ಲಿ ಸುಮಾರು 90 ಪಿಎಸ್‌ಐ ಗಾಳಿ ತುಂಬಬೇಕು. ಜಲ್ಲಿ ಎದ್ದ ರಸ್ತೆಯ ಪ್ರತಿ ಹೊಡೆತವೂ ಮಣಿಕಟ್ಟಿಗೆ ಬರುತ್ತದೆ. ಹಾಗೆಂದು ಗಾಳಿ ಇಳಿಸಿದರೆ ಗುಂಡಿಯಲ್ಲಿ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಜೋಡಿ ತೂತು. 38 ಮಿ.ಮೀ.ಗೆ ಹಿಂದೆ 45–50, ಮುಂದೆ ಅದಕ್ಕಿಂತ 5 ಕಡಿಮೆ ಸಾಕು.

ಏರಿನಲ್ಲಿ ರೇಸ್ ಸೈಕಲ್ ಹಗುರ, ನಿಜ. ಆದರೆ ಮುಂದೆ 34, ಹಿಂದೆ 28 ಹಲ್ಲಿನ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಸುಮಾರು 2.5 ಮೀಟರ್ ರಸ್ತೆ ಹತ್ತಬೇಕು. ಮುಂದೆ 28, ಹಿಂದೆ 32 ಇರುವ ಹೈಬ್ರಿಡ್ಡಿನಲ್ಲಿ 1.9 ಮೀಟರ್. ಅಭ್ಯಾಸ ಕಡಿಮೆ ಇರುವ ಮಂಡಿಗೆ ಎರಡನೆಯದೇ ಹಿತ.

ಹೈಬ್ರಿಡ್ ಕೊಳ್ಳುವಾಗ ಎರಡು ಆಮಿಷಗಳಿಂದ ದೂರವಿರಿ. ಅಗ್ಗದ ಶಾಕ್ ಫೋರ್ಕ್ (ಮುಂದಿನ ಚಕ್ರ ಹಿಡಿಯುವ, ಸ್ಪ್ರಿಂಗ್ ಇರುವ ಕವಲು) ತೂಕ ಹೆಚ್ಚಿಸುತ್ತದೆ, ಎದ್ದು ನಿಂತು ತುಳಿದರೆ ಕುಣಿಯುತ್ತದೆ. ಗಟ್ಟಿ ಫೋರ್ಕೇ ಇರಲಿ. ತುಂಬ ಮೆತ್ತನೆಯ ಸೀಟಿನಲ್ಲಿ ಕೂರುವ ಮೂಳೆಗಳು ಹೂತುಹೋಗಿ, ಭಾರ ನಡುವಿನ ಮೃದು ಭಾಗಕ್ಕೆ ಬಿದ್ದು ಜೋಮು ಹಿಡಿಯುತ್ತದೆ. ಗಟ್ಟಿಯಾಗಿದ್ದು ಅಗಲವಿರುವ ಸೀಟು ಲೇಸು. ನೇರ ಹ್ಯಾಂಡಲ್ಲಿನ ಕೊರತೆಯೂ ಒಂದಿದೆ: ಕೈ ಒಂದೇ ಕಡೆ ಇರುವುದರಿಂದ ಗಂಟೆ ಕಳೆದರೆ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ತುದಿಗೆ ಬಾರ್ ಎಂಡ್ ಎಂಬ ಪುಟ್ಟ ಕೊಂಬು ಹಾಕಿಸಿದರೆ ಹಿಡಿತ ಬದಲಿಸಬಹುದು.

ಮನೆಯಲ್ಲಿ ಆಗಲೇ ರೇಸ್ ಸೈಕಲ್ ಇದ್ದರೆ ಮಾರಬೇಕಿಲ್ಲ. ಫ್ರೇಮಿನಲ್ಲಿ ಜಾಗವಿದ್ದರೆ 28 ಅಥವಾ 32 ಮಿ.ಮೀ. ಟೈರು ಹಾಕಿಸಿ. ಸ್ಟೆಮ್ಮಿನ (ಹ್ಯಾಂಡಲ್ಲನ್ನು ಫೋರ್ಕಿಗೆ ಜೋಡಿಸುವ ತುಂಡು) ಮೇಲೆ ಸ್ಪೇಸರ್ ಬಳೆಗಳು ಉಳಿದಿದ್ದರೆ ಅವನ್ನು ಕೆಳಕ್ಕೆ ಹಾಕಿ, ಸ್ಟೆಮ್ಮನ್ನು ಮೇಲ್ಮುಖವಾಗಿ ತಿರುಗಿಸಿ; ಹ್ಯಾಂಡಲ್ ಎತ್ತರವಾಗುತ್ತದೆ. 100 ಮಿ.ಮೀ. ಸ್ಟೆಮ್ ಬದಲು 80ರದ್ದು ಹಾಕಿದರೆ ಕೈ ಇನ್ನೂ ಹತ್ತಿರ ಬರುತ್ತದೆ. ಜೋಡಿಸುವಾಗ ಮೊದಲು ಮೇಲಿನ ಕ್ಯಾಪ್ ಬೋಲ್ಟು, ಆಮೇಲೆ ಪಕ್ಕದ ಬೋಲ್ಟುಗಳು. ತಿರುವುಮುರುವಾದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಅಂದರೆ ಹೆಡ್‌ಸೆಟ್ ಸಡಿಲವೇ ಉಳಿದು, ಮುಂದಿನ ಬ್ರೇಕ್ ಹಿಡಿದಾಗಲೆಲ್ಲ ಟಕ್ ಟಕ್ ಅನ್ನುತ್ತದೆ.