ಮನೆಯಲ್ಲಿ ಕಾರ್ ಚಾರ್ಜಿಂಗ್: ಯೂನಿಟ್ ಲೆಕ್ಕಕ್ಕೆ ಈಸ್ಟ್ರಾನ್ ಎಸ್‌ಡಿಎಂ120 ಮೀಟರ್ ಹೇಗಿದೆ?

ಕಾರಿನ ಪರದೆಯಲ್ಲಿ ಕಾಣುವ ಯೂನಿಟ್‌ಗೂ ಕರೆಂಟ್ ಬಿಲ್‌ಗೂ ತಾಳೆ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಪರದೆ ತೋರಿಸುವುದು ಬ್ಯಾಟರಿಯ ಲೆಕ್ಕ, ಬೆಸ್ಕಾಂ ಬಿಲ್ ಹಾಕುವುದು ಮೀಟರ್ ದಾಟಿ ಹೋದದ್ದಕ್ಕೆ. 40.5 ಕಿಲೋವ್ಯಾಟ್ ಅವರ್ (ಅಂದರೆ ಅಷ್ಟೇ ಯೂನಿಟ್) ಬ್ಯಾಟರಿಯ ಟಾಟಾ ನೆಕ್ಸಾನ್ ಇವಿ ಶೇ 20ರಿಂದ 80ಕ್ಕೆ ಏರಿದರೆ ಒಳಗೆ ಸೇರುವುದು 24 ಯೂನಿಟ್ ಚಿಲ್ಲರೆ. ಹೊರಗೆ 27-28 ಓಡಿರುತ್ತದೆ. ಉಳಿದದ್ದನ್ನು ಕಾರಿನೊಳಗಿನ ಆನ್‌ಬೋರ್ಡ್ ಚಾರ್ಜರಿನ ಬಿಸಿ, ಕೂಲಿಂಗ್ ಪಂಪು, ಚಾರ್ಜ್ ಆಗುವಷ್ಟು ಹೊತ್ತೂ ಎದ್ದಿರುವ ಕಂಪ್ಯೂಟರ್‌ಗಳು ತಿಂದಿರುತ್ತವೆ. 15 ಆಂಪ್ ಸಾಕೆಟ್‌ನಲ್ಲಿ ನಿಧಾನಕ್ಕೆ ಚಾರ್ಜ್ ಮಾಡಿದರೆ ಈ ಪೋಲು ಸ್ವಲ್ಪ ಜಾಸ್ತಿಯೇ, ಯಾಕೆಂದರೆ ಆ ಕಂಪ್ಯೂಟರ್‌ಗಳು ಹೆಚ್ಚು ಗಂಟೆ ಎದ್ದಿರಬೇಕು.

ಕರ್ನಾಟಕದಲ್ಲಿ ಈ ಲೆಕ್ಕ ಇಟ್ಟುಕೊಳ್ಳಲು ಇನ್ನೊಂದು ಕಾರಣ ಗೃಹಜ್ಯೋತಿ. 2023ರಲ್ಲಿ ಬಂದ ಈ ಉಚಿತ ವಿದ್ಯುತ್ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ದಾಟಿದಷ್ಟಕ್ಕೆ ಮಾತ್ರವಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಮನೆಗೆ 120 ಯೂನಿಟ್ ಸಾಕಾಗುವವರು ಅದೇ ಮೀಟರ್‌ನಿಂದ ತಿಂಗಳಿಗೆ ಸಾವಿರ ಕಿ.ಮೀ.ಗೆ ಚಾರ್ಜ್ ಮಾಡಿಕೊಂಡರೆ, ಯೂನಿಟ್‌ಗೆ ಆರೂವರೆ ಕಿ.ಮೀ. ಎಂದು ಹಿಡಿದರೂ, 154 ಯೂನಿಟ್ ಕಾರಿಗೇ ಬೇಕು. ಒಟ್ಟು 274. ಯೂನಿಟ್‌ಗೆ 6 ರೂಪಾಯಿ ಎಂದರೆ ಕಾರಿನ ಪಾಲು 924, ಆದರೆ ಕಾರು ಬಂದಮೇಲೆ ಕೈಯಿಂದ ಹೋಗುವುದು 1,644 ಮತ್ತು ಫಿಕ್ಸೆಡ್ ಚಾರ್ಜು. ಕಿ.ಮೀ.ಗೆ ಒಂದು ರೂಪಾಯಿಯೂ ಇಲ್ಲ ಎಂದು ಹೇಳಿಕೊಳ್ಳುವಾಗ ಈ ವ್ಯತ್ಯಾಸವನ್ನು ಯಾರೂ ಸೇರಿಸುವುದಿಲ್ಲ.

ಅಳೆಯಲು ಎಲ್ಲರೂ ಮೊದಲು ಕೊಳ್ಳುವುದು 16 ಆಂಪ್ ಸ್ಮಾರ್ಟ್ ಪ್ಲಗ್. ಫೋನ್‌ನಲ್ಲೇ ಯೂನಿಟ್ ಕಾಣುತ್ತದೆ, ಎಲೆಕ್ಟ್ರಿಷಿಯನ್ ಬೇಡ. ಗೀಸರಿಗೆ ಚೆನ್ನಾಗಿದೆ, ಕಾರಿಗೆ ಬೇಡ. ಗೀಸರ್ ಕಾಲು ಗಂಟೆ ಓಡಿ ನಿಲ್ಲುತ್ತದೆ. ಕಾರು 13 ಆಂಪ್‌ನಂತೆ ಎಂಟು-ಹತ್ತು ಗಂಟೆ ಒಂದೇ ಸಮ ಎಳೆಯುತ್ತದೆ. ಪ್ಲಗ್ಗಿನೊಳಗೆ ಕರೆಂಟನ್ನು ಆನ್-ಆಫ್ ಮಾಡುವ ಒಂದು ಪುಟ್ಟ ರಿಲೇ, ಹಿಂದೆ ಮೂರು ಪಿನ್, ಮುಂದೆ ಮೂರು ತೂತು: ಪ್ರತಿಯೊಂದೂ ಬಿಸಿಯಾಗಬಲ್ಲ ಜಾಗ. ಮೊದಲು ಕಂದುಗಟ್ಟುವುದು ಸಾಮಾನ್ಯವಾಗಿ ಫೇಸ್ ಅಥವಾ ನ್ಯೂಟ್ರಲ್ ಪಿನ್ನಿನ ಬುಡದ ಪ್ಲಾಸ್ಟಿಕ್ಕು. ಇನ್ನೊಂದು ಕಾಟ: ರಾತ್ರಿ ಕರೆಂಟ್ ಹೋಗಿ ಬಂದಾಗ ಕೆಲವು ಪ್ಲಗ್‌ಗಳು ಆಫ್ ಆಗಿಯೇ ಉಳಿಯುತ್ತವೆ. ಕರೆಂಟ್ ಬಂದಮೇಲೆ ಹಿಂದಿನ ಸ್ಥಿತಿಗೆ ಮರಳಬೇಕೆಂದು ಆ್ಯಪ್‌ನಲ್ಲಿ ಬದಲಿಸದಿದ್ದರೆ ಬೆಳಿಗ್ಗೆ ಕಾರು ಅರ್ಧಕ್ಕೇ ನಿಂತಿರುತ್ತದೆ. ಬೇಸ್‌ಮೆಂಟಿನಲ್ಲಿ ವೈ-ಫೈ ಸಿಗದಿದ್ದರೆ ಆ ಆ್ಯಪ್ ಇದ್ದೂ ಉಪಯೋಗವಿಲ್ಲ.

ಈಸ್ಟ್ರಾನ್ ಎಸ್‌ಡಿಎಂ120 ಡಿನ್ ರೈಲ್ (ಸ್ವಿಚ್ ಡಬ್ಬಿಯೊಳಗಿನ ಲೋಹದ ಪಟ್ಟಿ) ಮೇಲೆ ಕೂರುವ ಸಿಂಗಲ್ ಫೇಸ್ ಮೀಟರ್. ಅಗಲ 17.5 ಮಿ.ಮೀ., ಅಂದರೆ ಒಂದು ಎಂಸಿಬಿಯ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚಿನ) ಜಾಗ. 45 ಆಂಪ್‌ವರೆಗೆ ತಾಳಿಕೊಳ್ಳುತ್ತದೆ, ಹಾಗಾಗಿ 15 ಆಂಪ್ ಸಾಕೆಟ್‌ಗೂ ಗೋಡೆಗೆ ಹಾಕುವ 32 ಆಂಪ್‌ನ 7.2 ಕಿಲೋವ್ಯಾಟ್ ಚಾರ್ಜರಿಗೂ (ವಾಲ್‌ಬಾಕ್ಸ್) ಇದೊಂದೇ ನಡೆಯುತ್ತದೆ. ಗುಂಡಿ ಒತ್ತುತ್ತಾ ಹೋದರೆ ಒಟ್ಟು ಯೂನಿಟ್, ವೋಲ್ಟೇಜ್, ಆಂಪ್, ವ್ಯಾಟ್, ಪವರ್ ಫ್ಯಾಕ್ಟರ್ ಬರುತ್ತವೆ. ಒಳಗೆ ರಿಲೇ ಇಲ್ಲದ್ದರಿಂದ ಕರೆಂಟ್ ಹೋಗಿ ಬಂದರೂ ಚಾರ್ಜಿಂಗ್‌ಗೆ ಅಡ್ಡ ಬರುವುದಿಲ್ಲ, ಒಟ್ಟು ಲೆಕ್ಕವೂ ಅಳಿಸಿಹೋಗುವುದಿಲ್ಲ.

ಅಳತೆ ಸರಿಯಿದೆಯೇ ನೋಡಲು ಬೇರೆ ಸಾಧನ ಬೇಡ. ಮುಖದ ಮೇಲಿನ ಪುಟ್ಟ ಎಲ್‌ಇಡಿ ಒಂದು ಯೂನಿಟ್‌ಗೆ 1000 ಸಲ ಮಿನುಗುತ್ತದೆ. ಕಾರು ಚಾರ್ಜ್ ಆಗುತ್ತಿರುವಾಗ ಒಂದು ನಿಮಿಷ ಎಣಿಸಿ. 52 ಬಂದರೆ, 52ನ್ನು 60ರಿಂದ ಗುಣಿಸಿ 1000ದಿಂದ ಭಾಗಿಸಿ: 3.12 ಕಿಲೋವ್ಯಾಟ್. ಮನೆಯ ಉಳಿದದ್ದನ್ನೆಲ್ಲ ಆಫ್ ಮಾಡಿ ಬೆಸ್ಕಾಂ ಮೀಟರಿನ ದೀಪವನ್ನೂ ಹೀಗೇ ಎಣಿಸಿ ಹೋಲಿಸಬಹುದು. ಯೂನಿಟ್‌ಗೆ ಎಷ್ಟು ಮಿನುಗು ಎಂಬುದು ಅದರ ಮುಖದ ಮೇಲೇ ಅಚ್ಚಾಗಿರುತ್ತದೆ. ಅದು 3200 ಆಗಿದ್ದರೆ ಕಣ್ಣಿಗೆ ಎಣಿಸಲು ಕಷ್ಟ, ಫೋನ್‌ನಲ್ಲಿ ವಿಡಿಯೊ ಮಾಡಿ ನಿಧಾನಕ್ಕೆ ಓಡಿಸಿ ನೋಡಿ.

ಜೋಡಣೆಯನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಮಾಡಬೇಕು, ಅದೂ ಬೆಸ್ಕಾಂ ಮೀಟರಿನ ಹೊರಹೋಗುವ ಕಡೆ. ಸೀಲ್ ಮುಟ್ಟುವ ಹಾಗಿಲ್ಲ. ಮೊದಲು ಎಂಸಿಬಿ, ಕರೆಂಟ್ ಸೋರಿದರೂ ಬೀಳುವ 30 ಮಿಲಿಆಂಪ್‌ನ ಆರ್‌ಸಿಬಿಒ ಆದರೆ ಇನ್ನೂ ಒಳ್ಳೆಯದು, ಆಮೇಲೆ ಈ ಮೀಟರ್, ಆಮೇಲೆ ಸಾಕೆಟ್. 15 ಆಂಪ್ ಲೈನಿಗೆ 4 ಚದರ ಮಿ.ಮೀ. ತಾಮ್ರದ ವೈರ್, 32 ಆಂಪ್‌ಗೆ ಕನಿಷ್ಠ 6. ಇನ್ ಮತ್ತು ಔಟ್ ಅದಲುಬದಲಾದರೆ ವ್ಯಾಟ್ ಮೈನಸ್‌ನಲ್ಲಿ ಬರುತ್ತದೆ, ಹೆದರಬೇಕಿಲ್ಲ, ಬದಿಯ ಚಿತ್ರ ನೋಡಿ ತಿರುಗಿಸಿ ಹಾಕಿದರಾಯಿತು. ಹೆದರಬೇಕಾದ್ದು ಸಡಿಲ ಸ್ಕ್ರೂವಿಗೆ. ಎಳೆಎಳೆಯ ವೈರ್ ಆಗಿದ್ದರೆ ತುದಿಗೆ ಲಗ್ ಒತ್ತಿಸಿ, ಒಂದು ವಾರ ಚಾರ್ಜ್ ಆದಮೇಲೆ ಮೇನ್ ಆಫ್ ಮಾಡಿಸಿ ಇನ್ನೊಮ್ಮೆ ಬಿಗಿ ಮಾಡಿಸಿ. ನಮ್ಮ ಕಡೆ ಈ ಎರಡನೇ ಸಲದ ಬಿಗಿತವನ್ನು ಯಾರೂ ಕೇಳುವುದಿಲ್ಲ, ಯಾರೂ ಮಾಡಿಕೊಡುವುದೂ ಇಲ್ಲ.

ಎಲ್ಲಿ ಕೂರಿಸುವುದು ಎಂಬುದು ಯೋಚಿಸಬೇಕಾದ ವಿಷಯ. ಅಪಾರ್ಟ್‌ಮೆಂಟಿನ ಮೀಟರ್ ರೂಮಿನಲ್ಲಿ ಹಾಕಿದರೆ ಪಾರ್ಕಿಂಗ್‌ವರೆಗಿನ ವೈರಿನ ಪೋಲೂ ಲೆಕ್ಕಕ್ಕೆ ಬರುತ್ತದೆ, ಬಿಲ್‌ಗೆ ಹೊಂದುವುದು ಇದೇ. ಸಾಕೆಟ್ ಪಕ್ಕದ ಡಬ್ಬಿಯಲ್ಲಿ ಹಾಕಿದರೆ ಲೈನಿನ ಆರೋಗ್ಯ ಗೊತ್ತಾಗುತ್ತದೆ. ಚಾರ್ಜಿಂಗ್ ಶುರುವಾಗುವ ಮುಂಚೆ ಮತ್ತು ಐದು ನಿಮಿಷದ ನಂತರ ವೋಲ್ಟೇಜ್ ನೋಡಿ. 30 ಮೀಟರ್ ದೂರದ 4 ಚದರ ಮಿ.ಮೀ. ವೈರಿನಲ್ಲಿ 13 ಆಂಪ್‌ಗೆ ಬೀಳುವುದು ಮೂರೂವರೆ ವೋಲ್ಟ್, 2.5ರ ವೈರಾದರೆ ಆರರ ಹತ್ತಿರ. ಬೀದಿಯ ಲೈನಿನಿಂದ ಇನ್ನೊಂದೆರಡು ಬೀಳಬಹುದು. 232 ಇದ್ದದ್ದು 218ಕ್ಕೆ ಇಳಿದರೆ ಎಲ್ಲೋ ಒಂದು ಜಾಯಿಂಟ್ ಸುಡುತ್ತಿದೆ ಎಂದೇ ತಿಳಿದು ಚಾರ್ಜಿಂಗ್ ನಿಲ್ಲಿಸಿ. ನಮ್ಮ ಮಟ್ಟಿಗೆ ಸಾಕೆಟ್ ಪಕ್ಕವೇ ಸರಿ: ವೈರಿನಲ್ಲಿ ಹೋಗುವ ಪೋಲು ಎಂಟು ಗಂಟೆಗೆ ಅರ್ಧ ಯೂನಿಟ್ಟೂ ಇಲ್ಲ, ಜಾಯಿಂಟ್ ಸುಡುವುದು ಮೊದಲೇ ತಿಳಿದರೆ ಅದರ ಬೆಲೆ ಬೇರೆ.

ಕೊರತೆಗಳೂ ಇವೆ. ವೈ-ಫೈ ಇಲ್ಲ, ಆ್ಯಪ್ ಇಲ್ಲ. ಇಂದು ರಾತ್ರಿ ಎಷ್ಟು ಎಂದು ನೋಡಲು ಮುಂಚಿನ, ಆಮೇಲಿನ ಎರಡು ರೀಡಿಂಗ್ ಬರೆದಿಟ್ಟು ಕಳೆಯಬೇಕು, ಇಲ್ಲವೇ ಪ್ರತಿ ಸಲ ಪರದೆಯ ಫೋಟೊ ತೆಗೆದಿಡಬೇಕು. ಕಂಪ್ಯೂಟರ್‌ಗೆ ಜೋಡಿಸಲು ಬರುವವರಿಗೆ ವೈರಿನ ಮೂಲಕ ರೀಡಿಂಗ್ ಕಳಿಸುವ ಆರ್‌ಎಸ್485 ಮಾಡ್‌ಬಸ್ ಇದೆ: ಯುಎಸ್‌ಬಿ ಅಡಾಪ್ಟರ್ ಹಾಕಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಓಡುವ ಹೋಮ್ ಅಸಿಸ್ಟೆಂಟ್ ತಂತ್ರಾಂಶಕ್ಕೆ ಕೊಡಬಹುದು. ಹೊಸ ಮೀಟರಿನ ವೇಗ 2400 ಬಾಡ್, ವಿಳಾಸ 1. 9600 ಎಂದುಕೊಂಡು ಕೂತರೆ ಉತ್ತರವೇ ಬರುವುದಿಲ್ಲ. 2400ರಲ್ಲೂ ಬರದಿದ್ದರೆ ಎ ಮತ್ತು ಬಿ ವೈರ್ ಅದಲುಬದಲು ಮಾಡಿ.

ಇಷ್ಟೆಲ್ಲ ಬೇಡ, ಫೋನ್‌ನಲ್ಲಿ ಗ್ರಾಫ್ ಬೇಕೇ ಬೇಕು ಎನ್ನುವವರಿಗೆ ಶೆಲ್ಲಿ ಈಎಂ ಎಂಬ ವೈ-ಫೈ ಮೀಟರ್ ಇದೆ. ಇದರ ಸಿಟಿ ಕ್ಲಾಂಪ್ (ಕರೆಂಟ್ ಅಳೆಯುವ ಕೊಂಡಿ) ವೈರಿನ ಮೇಲೆ ಕಚ್ಚಿಕೊಳ್ಳುತ್ತದೆ, ಕಾರಿನ ಕರೆಂಟ್ ಅದರೊಳಗಿನಿಂದ ಹಾದುಹೋಗುವುದಿಲ್ಲ. ಎರಡು ಕ್ಲಾಂಪ್ ಹಾಕಬಹುದಾದ್ದರಿಂದ ಒಂದು ಇಡೀ ಮನೆಗೆ, ಇನ್ನೊಂದು ಕಾರಿಗೆ. ಸ್ಯಾಂಕ್ಷನ್ಡ್ ಲೋಡ್ (ಬೆಸ್ಕಾಂ ಮಂಜೂರು ಮಾಡಿದ ಮಿತಿ) 3 ಕಿಲೋವ್ಯಾಟ್ ಇರುವ ಮನೆಯಲ್ಲಿ ಕಾರಿನ ಮೂರರ ಮೇಲೆ ಬೆಳಗಿನ ಗೀಸರಿನ ಎರಡು ಸೇರಿ ಐದಾಗುವುದು ಇದರಲ್ಲಿ ಕಣ್ಣಿಗೇ ಕಾಣುತ್ತದೆ. ಕ್ಲಾಂಪ್ ಫೇಸ್ ವೈರಿಗೆ ಮಾತ್ರ ಹಾಕಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಕಚ್ಚಿಸಿದರೆ ಸೊನ್ನೆ. ಇದಕ್ಕೆ 2.4 ಗಿಗಾಹರ್ಟ್ಸ್ ವೈ-ಫೈ ಬೇಕು, ಬೇಸ್‌ಮೆಂಟಿನ ತಲೆನೋವು ಇಲ್ಲಿಯೂ ಬಿಟ್ಟಿದ್ದಲ್ಲ.

ಮನೆಗೆ ತ್ರೀ ಫೇಸ್ ಇದ್ದರೂ 7.2 ಕಿಲೋವ್ಯಾಟ್ ವಾಲ್‌ಬಾಕ್ಸ್ ಓಡುವುದು ಒಂದೇ ಫೇಸ್‌ನಲ್ಲಿ, ಎಸ್‌ಡಿಎಂ120 ಸಾಕು. 11 ಕಿಲೋವ್ಯಾಟ್‌ನ ತ್ರೀ ಫೇಸ್ ಚಾರ್ಜರ್ ಹಾಕಿಸುವವರು ಮಾತ್ರ ಇದನ್ನು ಬಿಟ್ಟು ಅದೇ ಕಂಪನಿಯ ಎಸ್‌ಡಿಎಂ630 ನೋಡಬೇಕು.