ಬಬಲ್ ಕಾಲಂಗೆ ಆರ್ಗಾನ್ ತರಿಸಿ, ಕಾರ್ಬನ್ ಡೈಆಕ್ಸೈಡ್ ಬೇಡ

ಬಬಲ್ ಕಾಲಂ ಅಂದರೆ ತಳದಿಂದ ಗ್ಯಾಸ್ ಬಿಟ್ಟು ಗುಳ್ಳೆ ಏಳಿಸುವ ಉದ್ದನೆಯ ನೀರಿನ ಕೊಳವೆ. ಅದರಲ್ಲಿ ಗ್ಯಾಸ್ ಭಾರವಾದರೆ ಗುಳ್ಳೆ ಹೇಗೆ ಬದಲಾಗುತ್ತದೆ ಅಂತ ನೋಡಬೇಕಿತ್ತು. ಅಗ್ಗ ಅಂತ ಮೊದಲು ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ತರಿಸಿದೆ. ತಪ್ಪಾಗಿದ್ದು ಅಲ್ಲೇ. ಭಾರದಲ್ಲೇನೋ ಎರಡೂ ಹತ್ತಿರ ಹತ್ತಿರ. 25 ಡಿಗ್ರಿಯಲ್ಲಿ ಘನ ಮೀಟರಿಗೆ ಆರ್ಗಾನ್ 1.6 ಕೆ.ಜಿ., ಕಾರ್ಬನ್ ಡೈಆಕ್ಸೈಡ್ 1.8, ಗಾಳಿ 1.2.

ಭಾರದ ಗ್ಯಾಸ್‌ನಲ್ಲಿ ದೊಡ್ಡ ಗುಳ್ಳೆ ಬೇಗ ಒಡೆಯುತ್ತದೆ. ಚಿಕ್ಕ ಗುಳ್ಳೆ ನಿಧಾನ ಏರುವುದರಿಂದ ನೀರಲ್ಲಿ ನಿಲ್ಲುವ ಗ್ಯಾಸ್, ಅಂದರೆ ಹೋಲ್ಡಪ್, ಜಾಸ್ತಿಯಾಗಬೇಕು. ಕಾರ್ಬನ್ ಡೈಆಕ್ಸೈಡಿನಲ್ಲಿ ನನಗೆ ಕಂಡದ್ದು ಉಲ್ಟಾ. ಸ್ಪಾರ್ಜರ್ (ತಳದಲ್ಲಿ ಗ್ಯಾಸನ್ನು ಗುಳ್ಳೆಯಾಗಿ ಬಿಡುವ ಭಾಗ) ಹತ್ತಿರ ಗುಳ್ಳೆ ಚೆನ್ನಾಗಿಯೇ ಹೊರಟಿತು. ಏರುತ್ತಾ ಏರುತ್ತಾ ಸಣ್ಣಗಾಯಿತು. ಕೆಲವು ಮೇಲೆ ತಲುಪುವ ಮೊದಲೇ ಮಾಯ! ಒಂದು ಲೀಟರ್ ನೀರು ಈ ಗ್ಯಾಸನ್ನು ಸುಮಾರು 0.8 ಲೀಟರ್ ಕುಡಿಯುತ್ತದೆ. ಆರ್ಗಾನ್ ಆದರೆ ಸುಮಾರು 0.03 ಲೀಟರ್ ಅಷ್ಟೇ.

ನೀರಿಗೆ ಸಾಕಾಗುವವರೆಗೆ ಗ್ಯಾಸ್ ಬಿಟ್ಟು ಕಾದರೆ ಆಯಿತು ಅಲ್ವಾ? ನಾನೂ ಹಾಗೇ ಮಾಡಿದೆ. ಆಮೇಲೆ ಅದೇ ನೀರಿಗೆ ಗಾಳಿ ಬಿಟ್ಟಾಗ ಹೊಸ ಕಾಟ. ಕರಗಿದ್ದ ಗ್ಯಾಸ್ ಗಾಳಿಯ ಗುಳ್ಳೆಯೊಳಗೆ ನುಗ್ಗಿ ಅದನ್ನು ಉಬ್ಬಿಸುತ್ತದೆ. ಸೋಡಾ ಲೋಟದಲ್ಲಿ ಅಂಟಿಕೊಳ್ಳುವಂಥ ಪುಟ್ಟ ಗುಳ್ಳೆಗಳು ಕಾಲಂ ಗೋಡೆ ತುಂಬಾ ಕೂತಿದ್ದವು. ಫೋಟೋದಲ್ಲಿ ಹಿಂದಿನ ಗುಳ್ಳೆಯ ಅಂಚೇ ಕಾಣಿಸಲಿಲ್ಲ.

ನೀರು ಬದಲಿಸಬಹುದಿತ್ತು. ಆದರೆ ಎಲ್ಲ ಗ್ಯಾಸಿಗೂ ಒಂದೇ ನೀರು ಇಟ್ಟುಕೊಳ್ಳುವುದು ನನ್ನ ಅಭ್ಯಾಸ, ಅದನ್ನು ಬಿಡಲಾರೆ. ನೀರಲ್ಲಿ ಚೂರು ಸೋಪಿನ ಅಂಶ ಇದ್ದರೂ ಗುಳ್ಳೆಗಳು ಒಂದಕ್ಕೊಂದು ಸೇರುವುದು ಕಡಿಮೆಯಾಗುತ್ತದೆ. ಆ ಬದಲಾವಣೆಯ ಮುಂದೆ ಇಷ್ಟು ಚಿಕ್ಕ ಭಾರದ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ.

ಆರ್ಗಾನ್‌ನಲ್ಲಿ ಈ ಗೋಳಿಲ್ಲ. ಕಡಿಮೆ ಹರಿವಿನಲ್ಲಿ ಗಾಳಿಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. ಹರಿವು ಏರಿಸಿದಾಗ ಹೋಲ್ಡಪ್ ಕೊಂಚ ಮೇಲಿತ್ತು. ವಾಸನೆ ಇಲ್ಲದ, ನೆಲಕ್ಕಿಳಿಯುವ ಗ್ಯಾಸ್, ಹಾಗಾಗಿ ಕಿಟಕಿ ತೆರೆದಿಡಿ.

ಹೀಲಿಯಂ ದುಬಾರಿ, ಆದರೂ ಒಂದು ಚಿಕ್ಕ ಸಿಲಿಂಡರ್ ಸಾರ್ಥಕ. ಆರ್ಗಾನ್‌ಗಿಂತ ಹತ್ತು ಪಟ್ಟು ಹಗುರ, ಸ್ನಿಗ್ಧತೆ (ಹರಿಯುವಾಗಿನ ಒಳ ತಡೆ) ಮಾತ್ರ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ವ್ಯತ್ಯಾಸ ಕಂಡರೆ ಅದು ಭಾರದ್ದೇ. ಹರಿವು ಅಳೆಯುವ ರೋಟಾಮೀಟರ್‌ಗೆ ಗಾಳಿಯ ಅಳತೆ ಗುರುತು ಹಾಕಿದ್ದರೆ, ಹೀಲಿಯಂ ಬಿಟ್ಟಾಗ ಓದಿದ ಅಂಕಿಯನ್ನು ಸುಮಾರು 2.7ರಿಂದ ಗುಣಿಸಿ.

ಸಲ್ಫರ್ ಹೆಕ್ಸಾಫ್ಲೋರೈಡ್ ಗಾಳಿಯ ಐದು ಪಟ್ಟು ಭಾರ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಕಾರ್ಬನ್ ಡೈಆಕ್ಸೈಡಿನ 20,000 ಪಟ್ಟಿಗೂ ಜಾಸ್ತಿ. ತೆರೆದ ಕಾಲಂನಲ್ಲಿ ಅದನ್ನು ಬಿಡಲು ನನಗೆ ಮನಸ್ಸಿಲ್ಲ.

ಗ್ಯಾಸ್ ಎಷ್ಟು ಬೇಗ ಕರಗುತ್ತದೆ ಅಂತಲೇ ಅಳೆಯುವವರಿಗೆ ಕಾರ್ಬನ್ ಡೈಆಕ್ಸೈಡ್ ಒಳ್ಳೆಯದು. ನನ್ನ ಹತ್ತಿರ ಉಳಿದ ಅರ್ಧ ಸಿಲಿಂಡರ್ ಆ ಕೆಲಸಕ್ಕೇ ಇಟ್ಟಿದ್ದೇನೆ.